ಡೈರಿಗೆ ಹಾಕಿದ ನನ್ನ ಹಾಲು

ಬೇರೆಯವರನ್ನು ಅಳೆಯುವ ಕೆಲಸದವರಿಗೆ ಒಂದಲ್ಲ ಒಂದು ದಿನ ತಮ್ಮನ್ನೇ ಅಳೆದುಕೊಳ್ಳುವ ದುರ್ಬುದ್ಧಿ ಬರುತ್ತದೆ. ದರ್ಜಿಯಾದರೆ ಸೊಂಟದ ಸುತ್ತ ಟೇಪು ಹಿಡಿದು ಬೇಜಾರಾಗಿ ಸುಮ್ಮನಾಗಬಹುದು. ನಾನು ಕುಂದಾಣದ ಪಕ್ಕದ ನಮ್ಮೂರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಜನ ಕ್ಯಾನು ತರುತ್ತಾರೆ, ನಾನು ಅವರವರ ನಂಬರು ಒತ್ತಿ ಒಂದಿಷ್ಟು ಹಾಲನ್ನು ಯಂತ್ರದ ಕೊಳವೆಗೆ ಹಿಡಿಯುತ್ತೇನೆ. ಫ್ಯಾಟ್ ಎಷ್ಟು, ನೀರು ಬೆರೆತಿದೆಯೋ ಇಲ್ಲವೋ, ಎಲ್ಲವನ್ನೂ ಅದು ಹೇಳಿ, ಚೀಟಿ ಕೊಟ್ಟು, ಮನೆಯ ಫೋನಿಗೂ ಮೆಸೇಜು ಕಳಿಸುತ್ತದೆ. ನೀರು ಬಂತೆಂದರೆ ನನ್ನ ಮುಖ ಗಂಟಿಕ್ಕುತ್ತದೆ. "ಏನಜ್ಜಿ, ಮಳೇಲಿ ಕೂತ್ಕೊಂಡು ಹಾಲು ಕರ್ದ್ರಾ?" ಎಂದು ಒಬ್ಬ ಮುದುಕಿಯನ್ನು ಹತ್ತು ಜನರ ಮುಂದೆ ಕೇಳಿದವಳು ನಾನು. ಆಗ ಪಾಪ ಅನ್ನಿಸಿರಲೇ ಇಲ್ಲ.

ಹೆರಿಗೆಯಾಗಿ ಮೂರು ತಿಂಗಳಿಗೆ ಮತ್ತೆ ಕೆಲಸಕ್ಕೆ ಹೋದೆ. ಡೈರಿಯ ಹೊತ್ತು ಬೆಳಗ್ಗೆ ಆರು, ಸಂಜೆ ಐದು. ಊರಿನ ಕರುಗಳಿಗೆಲ್ಲ ಹಸಿವಾಗುವುದು ಆಗಲೇ, ನನ್ನ ಮಗನಿಗೂ ಆಗಲೇ. ಗಂಡ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡುವವರು, ಅವರು ಮನೆಯಲ್ಲಿದ್ದರೆ ನಿದ್ದೆಯಲ್ಲೇ ಇರುತ್ತಾರೆ. ಹಾಗಾಗಿ ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಹಿಂಡಿದ ಎದೆಹಾಲನ್ನು ಸ್ಟೀಲ್ ಬಟ್ಟಲಿನಲ್ಲಿ ಮುಚ್ಚಿಟ್ಟು ಓಡುತ್ತಿದ್ದೆ. ಡೈರಿಯಲ್ಲಿ ಯಾರದೋ ಕಂಕುಳಿನ ಮಗು ಕುಂಯ್ ಅಂದರೆ ಸಾಕು, ನನ್ನ ರವಿಕೆ ಒದ್ದೆ. ರಿಜಿಸ್ಟರನ್ನು ಎದೆಗವಚಿಕೊಂಡು ಗೋಡೆಯ ನೋಟೀಸು ಓದುವವಳಂತೆ ನಿಂತುಬಿಡುತ್ತಿದ್ದೆ. ಆ ನೋಟೀಸು ನನಗೆ ಬಾಯಿಪಾಠವಾಗಿದೆ.

ಒಂದು ದಿನ ಅತ್ತೆ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ನೋಡವ್ವ, ನೀಲಿಗೈತೆ. ನಿನ್ ಹಾಲು ಬರೀ ನೀರು. ಅದ್ಕೇ ಮಗ ಅಳ್ತಾನೆ. ನಮ್ ಹಸಿನ ಹಾಲು ನಾಲ್ಕು ಚಮಚ ಕುಡ್ಸಾನ."

ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎಂದು ನರ್ಸಮ್ಮ ಹೇಳಿದ್ದರು. ನಾನೂ ಬೇಡವೆಂದೆ. ಅಂದೆನೇ ಹೊರತು ಅಂದಿನಿಂದ ಜೀವಕ್ಕೆ ನೆಮ್ಮದಿಯಿಲ್ಲ. ಅವನ ತೊಡೆ ಹಿಚುಕಿ ನೋಡುವುದು, ಒದ್ದೆ ಬಟ್ಟೆ ಎಣಿಸುವುದು, ಪಕ್ಕದ ಮನೆಯ ಕೂಸಿನ ಕೆನ್ನೆ ನೋಡಿ ಸಂಕಟಪಡುವುದು. ನನ್ನ ಹಟಕ್ಕೆ ಮಗು ಸೊರಗಿಬಿಟ್ಟರೆ ಯಾರಿಗೆ ಹೇಳಲಿ?

ಒಂದು ಬೆಳಗ್ಗೆ ಎಲ್ಲರೂ ಹಾಲು ಹಾಕಿ ಹೋದ ಮೇಲೆ ಡೈರಿಯ ಬಾಗಿಲು ಮುಚ್ಚಿದೆ. ನನ್ನದನ್ನೇ ಒಂದಿಷ್ಟು ಹಿಂಡಿ ಕೊಳವೆಗೆ ಹಿಡಿದೆ. ನಂಬರು ಒತ್ತದೆ ಆ ಯಂತ್ರ ಅಲುಗುವುದಿಲ್ಲ. ಬೆರಳು ಅಭ್ಯಾಸಬಲದಿಂದ, ಅತ್ತೆ ದಿನಾ ಹಸುವಿನ ಹಾಲು ಹಾಕುವ ನಮ್ಮ ಮನೆಯ ನಂಬರನ್ನೇ ಒತ್ತಿತು. ಚೀಟಿ ಹೊರಬಂತು: ಫ್ಯಾಟ್ ಕಡಿಮೆ, ನೀರು ಬೆರೆತಿದೆ. ಕಣ್ಣಲ್ಲಿ ನೀರು ಬಂತು. ಆಮೇಲೆ ಯಂತ್ರವನ್ನು ಎರಡೆರಡು ಸಲ ತೊಳೆದು, ಚೀಟಿ ಮುಷ್ಟಿಯಲ್ಲಿ ಹಿಡಿದು ಮನೆಗೆ ನಡೆದೆ.

ಮನೆಯಲ್ಲಿ ಮಾವ ಫೋನು ಹಿಡಿದು ನಿಂತಿದ್ದರು. ಆ ಬೆಳಗ್ಗೆ ಎರಡು ಮೆಸೇಜು ಬಂದಿದ್ದರೂ ಅವರು ನೋಡುವುದು ಕೊನೆಯಲ್ಲಿ ಬಂದದ್ದನ್ನು ಮಾತ್ರ.

"ನಮ್ಮಪ್ಪನ ಕಾಲದಿಂದ ಈ ಮನೆ ಹಾಲಿಗೆ ತೊಟ್ಟು ನೀರು ಬಿದ್ದಿಲ್ಲ," ಎಂದು ಅತ್ತೆಗೆ ಹೇಳುತ್ತಿದ್ದರು. "ಸೊಸೆ ಡೈರೀಲಿ ಕೂತವ್ಳೆ, ಯಾರು ಕೇಳ್ತಾರೆ ಅಂತ ಸುರ್ದ್ಯಾ?"

"ಹಸ ಕೊಟ್ಟಿದ್ನೇ ನಾನು ತಗೊಂಡೋಗಿದ್ದು. ಇಷ್ಟು ವರ್ಷ ಸಂಸಾರ ಮಾಡಿದ್ ನನ್ ಮಾತಿಗಿಂತ ಆ ಮಿಷಿನ್ ಮಾತು ಹೆಚ್ಚಾಯ್ತಾ ನಿಮ್ಗೆ?" ಎಂದರು ಅತ್ತೆ.

ನಾನು ಬಾಗಿಲಲ್ಲೇ ನಿಂತೆ. ನಿಜ ಹೇಳಿದರೆ ನನ್ನ ಹಾಲು ನೀರೆಂಬುದಕ್ಕೆ ಚೀಟಿ ಸಮೇತ ಸಾಕ್ಷಿ, ಸಂಜೆಗೇ ಮಗುವಿನ ಬಾಯಿಗೆ ಹಸುವಿನ ಹಾಲು. ಹೇಳದಿದ್ದರೆ ಅತ್ತೆ ಕಳ್ಳಿ. ಅಷ್ಟರಲ್ಲಿ ಮಗ ಅತ್ತ, ಅತ್ತೆ ಒಳಗೆ ಹೋದರು. ಹಿಂದೆಯೇ ಹೋಗಿ, ಅಡುಗೆಮನೆಯಲ್ಲಿ, ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ.

ಓದು ಬಾರದ ಅವರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. 'ನಾನು ಅವತ್ತೇ ಹೇಳಲಿಲ್ವಾ' ಎಂಬ ಮಾತಿಗಾಗಿ ನಾನು ಕಾದೆ.

"ಹಸಿಂಗೆ ಅಂತ ಮಾಡಿರೋ ಮಿಷಿನ್ಗೆ ನೀನ್ಯಾಕವ್ವ ಹೋಗಿ ಹಾಲು ಕೊಟ್ಟೆ?" ಎಂದರು. ಮಗನ ತೊಡೆ ಹಿಡಿದು ನೋಡಿದರು. "ನೀರು ಕುಡ್ದು ತೊಡೆ ಹಿಂಗಾಯ್ತದಾ? ನಂಗೂ ಬುದ್ಧಿ ಇರ್ಲಿಲ್ಲ ಬಿಡು. ತಗಾ, ಕುಡ್ಸು." ಚೀಟಿಯನ್ನು ಒಲೆಗೆ ಹಾಕಿ ಹೊರಗೆ ಹೋದರು.

ಹಜಾರದಿಂದ ಅವರ ದನಿ ಕೇಳಿತು. "ಹೂಂ, ಕ್ಯಾನ್ ತೊಳ್ದ ನೀರು ಚೆಲ್ಲೋದು ಮರ್ತಿದ್ದೆ. ತಪ್ಪಾಯ್ತು, ಆಯ್ತಾ?"

ಎದ್ದು ಹೋಗಿ ನಿಜ ಹೇಳಬೇಕಿತ್ತು. ಮಗ ಕುಡಿಯುತ್ತಿದ್ದಾನೆ, ನಡುವೆ ಹೇಗೆ ಏಳಲಿ ಎಂದುಕೊಂಡೆ. ಆ ಮಾತಿಗೆ ಈಗ ಮೂರು ತಿಂಗಳು. ಮಗನಿಗೆ ರಾಗಿ ಸರಿ ತಿನ್ನಿಸಲು ಶುರುಮಾಡಿದ್ದೇವೆ, ನಾನಿನ್ನೂ ಎದ್ದು ಹೋಗಿಲ್ಲ. ಅತ್ತೆ ಹಾಲು ಕರೆಯುವಾಗ ಮಾವ ಇಂದಿಗೂ ಕಂಬಕ್ಕೊರಗಿ ಕಾವಲು ನಿಲ್ಲುತ್ತಾರೆ. ಆ ಹಾಲು ನೇರವಾಗಿ ನನ್ನ ಮುಂದೆ ಬರುತ್ತದೆ, ಅದರಲ್ಲಿ ನೀರಿಲ್ಲವೆಂದು ದಿನಕ್ಕೆರಡು ಸಲ ಅತ್ತೆಗೆ ಸರ್ಟಿಫಿಕೇಟು ಕೊಡುವವಳು ನಾನು.