ದೊಡ್ಡಮ್ಮನ ಮಣಿಕಟ್ಟು

ಪ್ರತಿಯೊಬ್ಬರಿಗೂ ತಮ್ಮ ದೇಹದ ಯಾವುದೋ ಒಂದು ಭಾಗದ ಮೇಲೆ ಸ್ವಲ್ಪ ಹೆಚ್ಚೇ ಅಭಿಮಾನ ಇರುತ್ತದೆ. ಕೆಲವರಿಗೆ ಮೀಸೆ, ಕೆಲವರಿಗೆ ಜಡೆ. ನನಗೆ ಎಡಗೈಯ ಎರಡು ಬೆರಳು. ನಾನು ಮಲಯಾಳ ನಾಡಿನ ಮಾನಂತವಾಡಿಯ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ದೊಡ್ಡ ಆಪರೇಷನ್ನುಗಳಲ್ಲಿ ರೋಗಿಯ ಮಣಿಕಟ್ಟಿನ ಧಮನಿಯೊಳಗೆ ಸಣ್ಣ ಕೊಳವೆಯೊಂದನ್ನು ಇಳಿಸುತ್ತೇವೆ. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿಪಿ ಆಗೊಮ್ಮೆ ಈಗೊಮ್ಮೆ ಸುದ್ದಿ ಹೇಳಿದರೆ, ಈ ಕೊಳವೆ ಹೃದಯದ ಪ್ರತಿ ಬಡಿತಕ್ಕೂ ವರದಿ ಒಪ್ಪಿಸುತ್ತದೆ. ಅದನ್ನು ಇಳಿಸಲು ನಾಡಿಯನ್ನು ಬೆರಳಲ್ಲೇ ಹಿಡಿಯುವುದು ನನ್ನ ಪದ್ಧತಿ. ಈ ಚಾಳಿ ಎಷ್ಟು ಹೆಚ್ಚಾಗಿತ್ತೆಂದರೆ, ಮದುವೆಯಲ್ಲಿ ಹೆಂಡತಿಯ ಕೈ ಹಿಡಿದಾಗಲೂ ನಾಡಿ ನೋಡಿದ್ದೆ. ಜೋರಾಗಿ ಬಡಿಯುತ್ತಿತ್ತು. ಪ್ರೀತಿ ಎಂದುಕೊಂಡೆ. ಹೋಮದ ಹೊಗೆಗೆ ಉಸಿರು ಕಟ್ಟಿತ್ತು ಎಂದು ಅವಳು ಆಮೇಲೆ ತಿಳಿಸಿದಳು.

ಹೀಗಿರುವಾಗ ನಮ್ಮಲ್ಲಿಗೆ ಒಂದು ಅಲ್ಟ್ರಾಸೌಂಡ್ ಯಂತ್ರ ಬಂತು, ಅದರ ಹಿಂದೆಯೇ ಕಿರಿಯ ಡಾಕ್ಟರು ಫಸೀಲ ಬಂದಳು. ರಕ್ತನಾಳವನ್ನು ಪರದೆಯ ಮೇಲೆ ನೋಡಿಕೊಂಡೇ ಸೂಜಿ ಹಾಕುವುದು ಅವಳ ಪದ್ಧತಿ. ನಾನೂ ಯಂತ್ರವನ್ನು ದಿನಾ ಬಳಸುತ್ತಿದ್ದೆ, ಕೋಟು ನೇತುಹಾಕಲು.

ಆಗ ಬಂದವರು ನನ್ನ ದೊಡ್ಡಮ್ಮ. ಕಾಡಂಚಿನ ತೋಲ್ಪೆಟ್ಟಿಯಲ್ಲಿ ಅಂಗಡಿ ಇಟ್ಟವರು. ಕಾಡಾನೆ ಬಾಗಿಲಿಗೆ ಬಂದರೂ ಗದರಿಸಿ ಕಳಿಸುವ ಗಂಟಲು. ಮೂತ್ರಪಿಂಡದಲ್ಲಿ ಗಡ್ಡೆ, ಅದರಿಂದ ರಕ್ತ ಹೋಗುತ್ತಿತ್ತು. ಹೃದಯ ಬೇರೆ ದುರ್ಬಲ. ಬೇರೆ ಊರಿಗೆ ಹೋಗೋಣ ಎಂದರೆ, "ನಮ್ಮ ಸತೀಶ ಇರೋವಾಗ ಕಂಡೋರ ಕೈಲಿ ಯಾಕೆ ಚುಚ್ಚಿಸ್ಕೊಳ್ಳಲಿ?" ಎಂದು ಕುಳಿತುಬಿಟ್ಟರು. ಸಂಬಂಧಿಕರಿಗೆ ನಾವೇ ಅರಿವಳಿಕೆ ಕೊಡಬಾರದು ಎಂಬ ಬುದ್ಧಿಮಾತು ನನಗೆ ಗೊತ್ತಿತ್ತು. ದೊಡ್ಡಮ್ಮನಿಗೆ ಗೊತ್ತಿರಲಿಲ್ಲ. ದೊಡ್ಡಮ್ಮನೇ ಗೆದ್ದರು.

ಹೃದಯ ಸರಿಯಿಲ್ಲದ್ದರಿಂದ ಎಚ್ಚರವಿದ್ದಾಗಲೇ ಕೊಳವೆ ಹಾಕಬೇಕಿತ್ತು. ಜಾಗ ಮರಗಟ್ಟಿಸಿ ನನ್ನ ಖ್ಯಾತ ಬೆರಳುಗಳನ್ನು ಮಣಿಕಟ್ಟಿನ ಮೇಲಿಟ್ಟೆ. ಮೊದಲ ಚುಚ್ಚಿಗೆ ಏನೂ ಬರಲಿಲ್ಲ. ಇನ್ನೊಂದಕ್ಕೆ ಒಂದು ಹನಿ ರಕ್ತ ಇಣುಕಿ ಹಿಂದೆ ಸರಿಯಿತು. ಮತ್ತೊಂದಕ್ಕೆ ನಾಡಿಯೇ ಮುನಿಸಿಕೊಂಡು ಮಾಯವಾಯಿತು.

"ಲೋ ಸತೀಶಾ, ಅಲ್ಲೇನಾದ್ರೂ ಬೀಳಿಸ್ಕೊಂಡಿದ್ದೀಯೇನೋ? ಹುಡುಕ್ತಾನೇ ಇದ್ದೀಯಲ್ಲ!" ಎಂದರು ದೊಡ್ಡಮ್ಮ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನರ್ಸ್ ಲಿಸಿ ಸಿಸ್ಟರ್‌ಗೆ ಕನ್ನಡ ಬರುವುದಿಲ್ಲವೆಂದು, ನಾನು ಚಿಕ್ಕಂದಿನಲ್ಲಿ ಸೂಜಿಗೆ ದಾರ ಪೋಣಿಸಲಾರದೆ ಅತ್ತ ಕತೆಯನ್ನು ಮಲಯಾಳದಲ್ಲಿ ವಿಸ್ತಾರವಾಗಿ ಹೇಳಿದರು. ಕೈ ತೊಳೆಯುತ್ತಿದ್ದ ಸರ್ಜನ್ನರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ನನಗೆ ನಗು ಬರಲಿಲ್ಲ. ಕೊಳವೆಯಿಲ್ಲದೆ ಅಂಥ ಹೃದಯದವರನ್ನು ಮಲಗಿಸುವ ಧೈರ್ಯ ಇರಲಿಲ್ಲ. ಆಪರೇಷನ್ ಮುಂದೂಡಲು ಗಡ್ಡೆ ಬಿಡುತ್ತಿರಲಿಲ್ಲ.

"ಸಾರ್, ಒಂದ್ಸಲ ನಾನು ನೋಡ್ಲಾ?" ಎಂದಳು ಫಸೀಲ. ಯಂತ್ರದ ಮೇಲಿದ್ದ ನನ್ನ ಕೋಟನ್ನು ಮರ್ಯಾದೆಯಿಂದ ಮಡಿಸಿ ನನ್ನ ಕೈಗೇ ಕೊಟ್ಟಳು. ದೊಡ್ಡಮ್ಮನ ಇನ್ನೊಂದು ಮಣಿಕಟ್ಟಿಗೆ ಜೆಲ್ ಹಚ್ಚಿದಳು. ಬೂದು ಪರದೆಯಲ್ಲಿ ಕಪ್ಪು ಚುಕ್ಕೆಗಳು ಕಂಡವು. "ಒತ್ತಿದ್ರೆ ಚಪ್ಪಟೆ ಆಗೋದು ಸಿರೆ. ಒತ್ತಿದ್ರೂ ಬಡೀತಿದೆಯಲ್ಲ, ಅದೇ ಧಮನಿ," ಎಂದು ಮಲಯಾಳದಲ್ಲಿ ತೋರಿಸಿದಳು.

"ಆ ಬಡಿಯೋದು ನಂದೇನಾ?"

"ನಿಮ್ದೇ ಅಮ್ಮೆ."

ದೊಡ್ಡಮ್ಮ ಬಾಯಿ ಮುಚ್ಚಿ ತಮ್ಮದೇ ನಾಡಿಯನ್ನು ನೋಡುತ್ತಾ ಮಲಗಿದರು. ಒಂದೇ ಚುಚ್ಚು. ಮಾನಿಟರಿನಲ್ಲಿ ಕೆಂಪು ಅಲೆ ಏರಿಳಿಯತೊಡಗಿತು. "ಮುಗೀತಾ? ಸತೀಶಾ, ನೀನಿನ್ನು ಮನೆಗೆ ಹೋಗು," ಎಂದರು.

ಹೋಗಲಿಲ್ಲ. ಅರ್ಧ ಆಪರೇಷನ್ನಿನಲ್ಲಿ ಗಡ್ಡೆಯ ಬುಡದ ರಕ್ತನಾಳವೊಂದು ಹರಿದುಹೋಯಿತು. ಕೆಂಪು ಅಲೆ ನಮ್ಮ ಕಣ್ಣೆದುರೇ ಕುಸಿದು ನೆಲಕಚ್ಚಿತು. ಪಟ್ಟಿಯ ಬಿಪಿ ಮಾತ್ರ ಹಳೆಯ ಅಂಕಿಯನ್ನೇ ಹಿಡಿದು ನಿಂತಿತ್ತು. ನಾನು ರಕ್ತ ಏರಿಸಿದೆ, ಫಸೀಲ ಮದ್ದು ಕೊಟ್ಟಳು, ಸರ್ಜನ್ ನಾಳ ಹಿಡಿದರು. ಅಲೆ ನಿಧಾನವಾಗಿ ಮತ್ತೆ ಎದ್ದುನಿಂತಿತು. ಆಮೇಲೆ ನಾನು ಸ್ಟೂಲಿನ ಮೇಲೆ ಕೂತೆ.

ದೊಡ್ಡಮ್ಮ ಚೇತರಿಸಿಕೊಂಡರು, ಗಂಟಲಂತೂ ಮೊದಲೇ ಚೇತರಿಸಿಕೊಂಡಿತು. ನೋಡಲು ಬಂದವರಿಗೆಲ್ಲ ಫಸೀಲಳ ಕೈಗುಣ ಹೇಳಿ, "ನಮ್ಮ ಹುಡುಗನೂ ಅಲ್ಲೇ ಇದ್ದ, ಪಾಪ," ಎಂದು ಸೇರಿಸುತ್ತಿದ್ದರು. ಆ 'ಪಾಪ' ನನ್ನನ್ನು ಯಂತ್ರದ ಮುಂದೆ ಕೂರಿಸಿತು. ಫಸೀಲ ಕೋಳಿಮಾಂಸದೊಳಗೆ ರಬ್ಬರ್ ಕೊಳವೆ ತೂರಿಸಿ, ಇದೇ ಧಮನಿ ಎಂದುಕೊಳ್ಳಿ ಎಂದು ಕೊಟ್ಟಳು. ದಿನಾ ಕೋಳಿಗೆ ಚುಚ್ಚುತ್ತಾ ಕಲಿತೆ.

ಮೊನ್ನೆ ವೆಳ್ಳಮುಂಡದ ಕೃಷಿಕರೊಬ್ಬರಿಗೆ ಪರದೆ ನೋಡುತ್ತಾ ಸೂಜಿ ಹಾಕಿದೆ. ಮೊದಲ ಚುಚ್ಚಿಗೇ ಕೊಳವೆ ಇಳಿಯಿತು! ಎದೆಯುಬ್ಬಿಸಿ ತಲೆ ಎತ್ತಿದೆ. ರೋಗಿ ಆಗಲೇ ಗಾಢ ನಿದ್ದೆಯಲ್ಲಿದ್ದರು. ಸರ್ಜನ್ ಫೋನಿನಲ್ಲಿದ್ದರು. ಫಸೀಲ ಚಾ ಕುಡಿಯಲು ಹೋಗಿದ್ದಳು. ಲಿಸಿ ಸಿಸ್ಟರ್ ಒಬ್ಬರೇ ನನ್ನತ್ತ ನೋಡಿದರು. ನಾನು ವಿನಯದಿಂದ ಮುಗುಳ್ನಕ್ಕೆ.

"ಸಾರ್, ಜೆಲ್ಲೆಲ್ಲ ನೆಲಕ್ಕೆ ಸುರಿದಿದ್ದೀರಿ," ಎಂದರು ಸಿಸ್ಟರ್. "ಯಾರಾದ್ರೂ ಜಾರಿ ಬೀಳ್ತಾರೆ, ಒರೆಸಿಬಿಡಿ."

ಒರೆಸಿದೆ.