ಇಂಕಿನ ಕಲೆಯ ಕೋಟು

ಕಮಲಾಕರ: ಬರಲ್ಲ ಅಂದ್ರೆ ಬರಲ್ಲ. ಸಂಗೀತ ಕಚೇರಿಗೆ ಕರೆದ್ರೆ ಬರ್ತೀನಿ. ಸರ್ಕಸ್ಸಿಗೆ ಯಾಕೆ ಬರ್ಲಿ?

ಗುರುಚರಣ: ಸರ್ಕಸ್ ಅಲ್ಲಪ್ಪಾ. ಇದಕ್ಕೆ ರೆಟ್ರೋ ಅಂತಾರೆ.

ಕಮಲಾಕರ: ಏನು ಹೆಸರಿಟ್ರೂ ಬಫೂನ್ ಬಫೂನೇ.

ಅಣ್ಣಾ ನಗರದ ಮನೆಯ ಹಾಲಿನಲ್ಲಿ, ವಿಮಾ ಕಂಪನಿಯಿಂದ ನಿವೃತ್ತರಾದ ಕಮಲಾಕರ ರಾಯರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಎದುರಿಗೆ ಮಗ ಗುರುಚರಣ, ಪಿಟೀಲು ವಿದ್ವಾನ್, ಇಟ್ಟಿಗೆ ಬಣ್ಣದ ಚೌಕುಳಿ ಕೋಟಿನೊಳಗೆ ಬೆವರುತ್ತ ನಿಂತಿದ್ದ. ಡಿಸೆಂಬರ್ ಬಂದರೇನು, ಚೆನ್ನೈಯಲ್ಲಿ ಕೋಟು ಹಾಕುವವನಿಗೆ ಚಳಿಗಾಲವೆಂಬುದಿಲ್ಲ. ಕಾಲರಿನ ಮಡಿಕೆಗಳೋ, ಎರಡು ಕಡೆಯೂ ಬಾಳೆಲೆ ಹಾಸಿದಷ್ಟು ಅಗಲ, ಊಟಕ್ಕೆ ಕೂರಬಹುದಿತ್ತು. ಇಷ್ಟು ವರ್ಷ ಸಂಗೀತ ಸಭಾಗಳ ಕ್ಯಾಂಟೀನಿನಲ್ಲಿ ಊಟ ಮುಗಿಸಿ ನಿದ್ದೆಗೆ ಬಂದವರ ಮುಂದೆ ಮಧ್ಯಾಹ್ನ ನುಡಿಸಿದವನಿಗೆ ಮೊದಲ ಬಾರಿ ಮೈಲಾಪುರದಲ್ಲಿ ಸಂಜೆಯ ಕಚೇರಿ ಸಿಕ್ಕಿತ್ತು. ಅದು ಇವತ್ತೇ. ಅಪ್ಪ ಬರುವುದಿಲ್ಲವೆಂದು ಹಟ ಹಿಡಿದದ್ದೂ ಇವತ್ತೇ.

ಕಮಲಾಕರ: ಮೊದ್ಲು ರೇಷ್ಮೆ ಜುಬ್ಬಾ. ಸರಿ ಅಂದೆ. ಆಮೇಲೆ ಕೂದ್ಲು ಬಿಟ್ಟೆ, ಕರೀ ಜುಬ್ಬಾ ಹಾಕ್ದೆ. ಮನೇಲಿ ಯಾರೋ ಹೋಗ್‌ಬಿಟ್ರೇನೋ ಅಂತ ಜನ ನನ್ನ ಕೇಳಿದ್ರು. ಅದಾದ್ಮೇಲೆ ಪ್ಯಾಂಟಿಗೆ ಭುಜದ ಮೇಲಿಂದ ಪಟ್ಟಿ, ಯೂಕೇಜಿ ಹುಡುಗನ ಹಾಗೆ. ಈಗ ಇದು!

ಗುರುಚರಣ: ಅದೇ ಎವಲ್ಯೂಷನ್. ಕಲಾವಿದ ಬೆಳೀತಾ ಹೋದ ಹಾಗೆ ಸ್ಟೈಲೂ ಬೆಳೆಯತ್ತೆ.

ಕಮಲಾಕರ: ಎವಲ್ಯೂಷನ್ ಅಂದ್ರೆ ಮಂಗ ಮನುಷ್ಯ ಆಗೋದು ಕಣೋ. ನೀನು ರಿಟರ್ನ್ ಟಿಕೆಟ್ ತಗೊಂಡಿದ್ದೀಯ.

ಗುರುಚರಣ: ಬೈಯಿರಿ, ಪರವಾಗಿಲ್ಲ. ಆದ್ರೆ ಬನ್ನಿ. ಮೊದಲನೇ ಪಾಠದಿಂದ ಪಕ್ಕದಲ್ಲಿ ಕೂತು ತಾಳ ಹಾಕಿದ್ದು ನೀವು. ನೀವು ಎದುರಿಗಿಲ್ದಿದ್ರೆ ನನಗೆ ಕಮಾನು ನಡುಗತ್ತೆ ಅಪ್ಪಾ.

ರಾಯರ ಪೇಪರು ಒಂದು ಬೆರಳಿನಷ್ಟು ಕೆಳಗಿಳಿಯಿತು. ಕೋಟು ಕಂಡಿತು. ಪೇಪರು ಮತ್ತೆ ಮೇಲೇರಿತು.

ಕಮಲಾಕರ: ಪಂಚೆ ಉಟ್ಕೋ, ಬರ್ತೀನಿ.

ಗುರುಚರಣ: ಇದು ಸಾಧಾರಣ ಕೋಟಲ್ಲಪ್ಪಾ. ಆನ್‌ಲೈನ್ ವಿಂಟೇಜ್ ಶಾಪಲ್ಲಿ ಹುಡುಕಿ ಹುಡುಕಿ ತಗೊಂಡೆ. ಮೌಂಟ್ ರೋಡಿನ ಹಳೇ ಹೋಟೆಲಲ್ಲಿ ಪಿಯಾನೋ ನುಡಿಸ್ತಿದ್ದ ಮಹಾನುಭಾವರೊಬ್ಬರದಂತೆ. ಇಲ್ನೋಡಿ, ಎದೆ ಜೇಬಿನ ಮೇಲೆ ಇಂಕಿನ ಕಲೆ. ಸ್ವರ ಹೊಳೆದ ತಕ್ಷಣ ಬರ್ಕೊಳ್ತಿದ್ರಂತೆ.

ಕಮಲಾಕರ: ಪೆನ್ನಿಗೆ ಮುಚ್ಚಳ ಹಾಕೋ ಬುದ್ಧಿ ಇಲ್ಲದವನು ಮಹಾನುಭಾವ! ಈ ಬಟ್ಟೆ ಆರಿಸುವಾಗ ಅವನಿಗೆ ಕಣ್ಣಿತ್ತಾ ಅಂತ? ಸೋಫಾಕ್ಕೆ ತಂದಿದ್ರಲ್ಲಿ ಮಿಕ್ಕಿದ್ದಿರ್ಬೇಕು. ಇಂಥದ್ದು ಹಾಕ್ಕೊಂಡು ಓಡಾಡಿದ ಪುಣ್ಯಾತ್ಮನಿಗೆ ಹೆಣ್ಣು ಯಾರು ಕೊಟ್ಟಿರ್ತಾರೆ? ಕೊಟ್ಟಿದ್ರೆ ಆ ಹೆಣ್ಣಿನ ಅಪ್ಪನಿಗೂ ಕಣ್ಣಿರ್ಲಿಲ್ಲ.

ಕೌಸಲ್ಯಾ: ನಮ್ಮಪ್ಪನ ಕಣ್ಣಿನ ಸುದ್ದಿ ನಿಮಗ್ಯಾಕೆ?

ರಾಯರ ಹೆಂಡತಿ ಕೌಸಲ್ಯಾ ಕಾಫಿ ಲೋಟ ಹಿಡಿದು ಅಡಿಗೆಮನೆಯಿಂದ ಬಂದಿದ್ದರು. ಅವರ ದೃಷ್ಟಿ ಕೋಟಿನ ಮೇಲಿತ್ತು.

ಕಮಲಾಕರ: ನಿಮ್ಮಪ್ಪ ಇದ್ರಲ್ಲಿ ಎಲ್ಲಿ ಬಂದ್ರು?

ಕೌಸಲ್ಯಾ: ಬಂದಿದ್ದು ಅವರಲ್ಲ, ನೀವು. ನನ್ನ ನೋಡೋಕೆ. ಇದೇ ಕೋಟು ಹಾಕ್ಕೊಂಡು.

ಕಮಲಾಕರ: ಚುಮ್ಮಾ ಏನಾದ್ರೂ ಹೇಳ್ಬೇಡ. ನನ್ನ ಕೋಟಿಗೆ ಕಪ್ಪು ಗುಂಡಿ ಇತ್ತು. ಇದಕ್ಕೆ ಹಿತ್ತಾಳೆದು.

ಕೌಸಲ್ಯಾ: ಗುಂಡಿ ಬದಲಾಯಿಸಿದ್ದಾರೆ. ಕಲೆ ಎಲ್ಲಿ ಹೋಗತ್ತೆ? ಪೆನ್ನು ಸೋರಿದ್ದು ಕಾಣಬಾರ್ದು ಅಂತ ಉಪ್ಪಿಟ್ಟು ತಿನ್ನೋವಾಗ್ಲೂ ಎಡಗೈ ಎದೆ ಮೇಲಿಂದ ತೆಗೀಲಿಲ್ಲ ನೀವು. ಹುಡುಗನಿಗೆ ಹಾರ್ಟ್ ಪ್ರಾಬ್ಲಮ್ಮಾ ಅಂತ ನಮ್ಮಪ್ಪ ನಿಮ್ಮ ಸೋದರಮಾವನ್ನ ವರಾಂಡಾಕ್ಕೆ ಕರ್ಕೊಂಡು ಹೋಗಿ ಕೇಳಿದ್ರು.

ರಾಯರು ಕನ್ನಡಕ ಹಾಕಿಕೊಂಡು ಎದ್ದರು. ಮಗನ ಎದೆಗೆ ಮೂಗು ತಾಗಿಸಿ ನೋಡಿದರು. ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿದರು.

ಕಮಲಾಕರ: ಇದು ಬೀರುವಲ್ಲಿತ್ತಲ್ಲೇ!

ಕೌಸಲ್ಯಾ: ಇತ್ತು. ಹೋದ ಸಂಕ್ರಾಂತಿಯ ಭೋಗಿಗೆ ಮನೆ ಕ್ಲೀನ್ ಮಾಡೋವಾಗ, ಹಳೇ ಬಟ್ಟೆಗೆ ಎವರ್‌ಸಿಲ್ವರ್ ಸ್ಟೀಲು ಕೊಡ್ತಾಳಲ್ಲ, ಆ ಪಾತ್ರೆಯವಳಿಗೆ ಹಾಕ್‌ಬಿಟ್ಟೆ. ಇಡ್ಲಿ ಪಾತ್ರೆ ಕೊಟ್ಲು. ಅವಳ ಮೂಟೆಯಿಂದ ಯಾವನೋ ತಗೊಂಡು, ಗುಂಡಿ ಹಾಕಿ, ಕಥೆ ಕಟ್ಟಿ, ನಮ್ಮ ಮಗನಿಗೇ ಮಾರಿದ್ದಾನೆ.

ಕಮಲಾಕರ: ನನ್ನ ಕೋಟಿಗೆ ಬರೀ ಒಂದು ಇಡ್ಲಿ ಪಾತ್ರೆನಾ?

ಕೌಸಲ್ಯಾ: ಆಸೆ ನೋಡಿ. ಪಾತ್ರೆ ಬಂದಿದ್ದು ನನ್ನ ಸೀರೆಗಳಿಗೆ. ನಿಮ್ಮ ಕೋಟಿಗೆ ಮುಚ್ಚಳ.

ಗುರುಚರಣ: ಹಾಗಾದ್ರೆ... ಪಿಯಾನೋ?

ಕೌಸಲ್ಯಾ: ನಿಮ್ಮಪ್ಪ ನುಡಿಸಿದ್ದು ಟೈಪ್‌ರೈಟರ್.

ಗುರುಚರಣ ಒಂದೊಂದಾಗಿ ಗುಂಡಿ ಬಿಚ್ಚತೊಡಗಿದ. ಮೊನ್ನೆಯಿಂದ ಕನ್ನಡಿ ಬಿಟ್ಟು ಕದಲದವನ ಮುಖ ಹುಳಿ ಮಜ್ಜಿಗೆ ಕುಡಿದಂತಾಗಿತ್ತು.

ಕಮಲಾಕರ: ಏಯ್, ಯಾಕೋ ಬಿಚ್ತೀಯ? ಎಂಥಾ ಕಟಿಂಗ್ ನೋಡು! ಈಗಿನ ಟೈಲರ್‌ಗಳಿಗೆ ಬರತ್ತಾ ಇದು? ಕಾಲರ್ ನೋಡು, ಏನು ಗಾಂಭೀರ್ಯ! ಹಾಕ್ಕೋ. ನಾನು ಮೊದಲನೇ ಸಾಲಲ್ಲೇ ಕೂತ್ಕೋತೀನಿ.

ಗುರುಚರಣ: ಬೇಡಪ್ಪಾ. ಪಾಲಿಸಿ ಮಾರೋಕೆ ಬಂದಿದ್ದಾನೆ ಅಂದ್ಕೋತಾರೆ.

ಕಮಲಾಕರ: ಯಾವನೋ ಪಿಯಾನೋದವನ ಬೆವರು ಆಗತ್ತೆ, ಹೆತ್ತ ಅಪ್ಪನ ಬೆವರು ಆಗಲ್ವಾ?

ಗುರುಚರಣ: ಅದು ವಿಂಟೇಜ್ ಆಗಿತ್ತು ಅಪ್ಪಾ. ಇದು ಬರೀ ಹಳೇದು.

ರಾಯರಿಗೆ ನಿಜವಾಗಿಯೂ ನೋವಾಯಿತು. ಕೋಟನ್ನು ಕಸಿದುಕೊಂಡು ತಾವೇ ತೊಟ್ಟರು. ತೋಳು ಹಿಡಿಸಿತು, ಭುಜ ಹಿಡಿಸಿತು. ಹೊಟ್ಟೆಯ ಹತ್ತಿರ ಬಂದಾಗ ಗುಂಡಿಗೂ ಕಾಜಕ್ಕೂ ಒಂದು ಗೇಣು ಉಳಿಯಿತು.

ಕಮಲಾಕರ: ನಡೀರಿ, ಹೊತ್ತಾಯ್ತು. ನೀನು ಹಾಕ್ಕೊಳ್ದಿದ್ರೆ ನಾನು ಹಾಕ್ಕೊಂಡು ಬರ್ತೀನಿ.

ಗುರುಚರಣ: ಅಯ್ಯೋ ಅಪ್ಪಾ! ಅಷ್ಟು ಜನದ ಎದುರಿಗೆ! ಬಫೂನ್ ಥರ ಕಾಣ್ತೀರ!

ಕಮಲಾಕರ: ಬಫೂನ್ ಅಲ್ಲ. ಇದಕ್ಕೆ ರೆಟ್ರೋ ಅಂತಾರೆ.

ಅಪ್ಪ ಬರುತ್ತಾರೆಂಬ ಸಂತೋಷವೋ, ಹೀಗೆ ಬರುತ್ತಾರೆಂಬ ದಿಗಿಲೋ, ಗುರುಚರಣ ಪಂಚೆ ಉಡಲು ಒಳಗೆ ಓಡಿದ. ರಾಯರು ಕನ್ನಡಿಯ ಮುಂದೆ ನೆಟ್ಟಗೆ ನಿಂತರು. ಅವರ ಎಡಗೈ ಮೆಲ್ಲಗೆ ಮೇಲೆದ್ದು ಇಂಕಿನ ಕಲೆಯನ್ನು ಮುಚ್ಚಿಕೊಂಡಿತು.

ಕೌಸಲ್ಯಾ: ಆ ಕೈ ಇಳಿಸಿ ಮೊದ್ಲು. ಅವತ್ತು ನಮ್ಮಪ್ಪ ಒಬ್ರೇ ಹೆದರಿದ್ರು. ಇವತ್ತು ಮುಂದಿನ ಸಾಲಲ್ಲಿ ಹೀಗೆ ಕೂತ್ರೆ, ಮಗನ ಪಿಟೀಲು ಕೇಳಿ ಅಪ್ಪನಿಗೆ ಎದೆನೋವು ಬಂತು ಅಂತಾರೆ ಸಭಾದವರು.