ಪತ್ತೆಯಪ್ಪನ ವಿಚಾರಣೆ

ಆ ದಿನದ ಫಜೀತಿಗೆಲ್ಲ ಮೂಲ, ಒಬ್ಬ ಉದ್ದನೆಯ ಮನುಷ್ಯ ಮನೆ ಬದಲಾಯಿಸಿ ಹಳೆಯ ಫೋನ್ ನಂಬರನ್ನೂ ಕಳೆದುಕೊಂಡದ್ದು. ಮನೆ ಬದಲಾಯಿಸುವುದು ಅಪರಾಧವೇನಲ್ಲ. ಆದರೆ ಆತ ಮೀಸೆ ಮೂಡುವ ವಯಸ್ಸಿನಲ್ಲಿ ಕಾಲೇಜು ಸೇರಿದಾಗ ವಿಶ್ವವಿದ್ಯಾಲಯದ ಸಮೀಕ್ಷೆಯೊಂದಕ್ಕೆ ಒಪ್ಪಿಕೊಂಡುಬಿಟ್ಟಿದ್ದ. ಆ ವರ್ಷ ಕಾಲೇಜಿಗೆ ಬಂದ ಹುಡುಗ ಹುಡುಗಿಯರನ್ನೇ ಎರಡು ವರ್ಷಕ್ಕೊಮ್ಮೆ ಹುಡುಕಿ ಹಿಡಿದು, ಓದು ಏನಾಯಿತು, ಕೆಲಸ ಸಿಕ್ಕಿತೆ, ಸಂಸಾರ ಹೇಗಿದೆ, ಬದುಕು ಅಂದುಕೊಂಡ ಹಾಗೆ ನಡೆಯಿತೆ ಎಂದು ಕೇಳುತ್ತಲೇ ಹೋಗುವ ಸಮೀಕ್ಷೆ ಅದು. ಆ ಹುಡುಗರು ಈಗ ಮೂವತ್ತು ದಾಟಿದ್ದರು. ಕೆಲವರ ತಲೆಗೂದಲು ಸಮೀಕ್ಷೆಗಿಂತ ಮೊದಲೇ ಮುಗಿಯುವಂತೆ ಕಾಣುತ್ತಿತ್ತು.

ಕೈಗೆ ಸಿಗದವರನ್ನು ಹುಡುಕುವ ಕೆಲಸ ನಮ್ಮ ನಾಯಕನದು. ಕಚೇರಿಯಲ್ಲಿ ಅವನಿಗೆ ಪತ್ತೆಯಪ್ಪ ಎಂದೇ ಹೆಸರು. ತಾತ್ಕಾಲಿಕ ನೌಕರಿ. ಕಾಯಂ ಆಗುವುದು ಬಿಡುವುದು ಸಮೀಕ್ಷೆಯ ಮುಖ್ಯಸ್ಥೆಯಾದ ಮೇಡಂ ಕೈಯಲ್ಲಿತ್ತು. ಈ ಸುತ್ತಿನಲ್ಲಿ ಉಳಿದವನು ಆ ಉದ್ದನೆಯ ಮನುಷ್ಯ ಒಬ್ಬನೇ. ಒಬ್ಬನ ಮಟ್ಟಿಗೆ ಬಿಟ್ಟರಾಗದೇ ಎಂದು ಪತ್ತೆಯಪ್ಪ ಬೆಳಿಗ್ಗೆ ಮೆಲ್ಲಗೆ ಕೇಳಿದ.

"ಸುಲಭವಾಗಿ ಸಿಗೋರ ಮಾತನ್ನೇ ಬರ್ಕೊಂಡ್ರೆ ಲೋಕವೆಲ್ಲ ಸುಖವಾಗಿದೆ ಅಂತಾಗುತ್ತೆ," ಎಂದರು ಮೇಡಂ. "ತಪ್ಪಿಸ್ಕೊಂಡು ಓಡಾಡ್ತಾನಲ್ಲ, ನಿಜ ಇರೋದು ಅವನ ಹತ್ರ. ಸಂಜೆ ಒಳಗೆ ಹಿಡೀರಿ, ನಿಮ್ಮ ಕಾಯಂ ವಿಷಯ ಆಮೇಲೆ ಮಾತಾಡೋಣ."

ಜೊತೆಗೆ ನಿಯಮವನ್ನೂ ನೆನಪಿಸಿದರು. ಅವನು ಸಮೀಕ್ಷೆಯಲ್ಲಿದ್ದಾನೆ ಎಂಬುದೇ ಗುಟ್ಟು. ಯಾಕೆ ಹುಡುಕುತ್ತಿದ್ದೇವೆಂದು ಅವನೊಬ್ಬನಿಗೆ ಬಿಟ್ಟು ಬೇರೆ ಯಾರಿಗೂ, ಅಂದರೆ ಅಕ್ಕಪಕ್ಕದವರಿಗೂ, ಅವನ ಹೆಂಡತಿಗೂ, ಪತ್ತೆಯಪ್ಪನ ಹೆಂಡತಿಗೂ ಹೇಳಕೂಡದು.

ಹಳೆಯ ಮನೆಯ ಮಾಲೀಕ ಕೊಟ್ಟ ಸುಳಿವು ಹಿಡಿದು ಪತ್ತೆಯಪ್ಪ ಒಂದು ಕಿರಿದಾದ ಬೀದಿಗೆ ಬಂದ. ಮೂಲೆಯಲ್ಲಿ ದರ್ಜಿಯ ಅಂಗಡಿ. ಕೊರಳಿಗೆ ಟೇಪು ಹಾಕಿಕೊಂಡಿದ್ದ ದರ್ಜಿ ಇವನನ್ನು ತಲೆಯಿಂದ ಕಾಲಿನವರೆಗೆ ನೋಡಿದ ರೀತಿಗೆ, ನೋಟದಲ್ಲೇ ಅಳತೆ ತೆಗೆದು ಬಟ್ಟೆ ಕತ್ತರಿಸಿಬಿಡುವನೇನೋ ಅನ್ನಿಸುತ್ತಿತ್ತು. ಈ ಬೀದಿಯಲ್ಲಿ ಲಿಫ್ಟ್ ರಿಪೇರಿ ಮಾಡುವ, ಸುಮಾರು ಎತ್ತರದ ಒಬ್ಬರು ಇರಬೇಕಲ್ಲ ಎಂದು ಪತ್ತೆಯಪ್ಪ ಕೇಳಿದ. ಯಾಕೆ ಎಂದ ದರ್ಜಿ. ಸ್ವಲ್ಪ ಖಾಸಗಿ ವಿಷಯ ಎಂದ ಇವನು. ಖಾಸಗಿ ಅಂದರೆ ಸಾಲ ವಸೂಲಿಯೇ ಎಂದು ದರ್ಜಿ ತೀರ್ಮಾನಿಸಿದ. ಈ ಬೀದಿಯಲ್ಲಿ ಎತ್ತರದವರು ಹುಟ್ಟೇ ಇಲ್ಲ, ಇಲ್ಲಿನ ನೀರೇ ಹಾಗೆ ಎಂದ.

ಆ ಹೊತ್ತಿಗೆ ಪತ್ತೆಯಪ್ಪನ ಕಣ್ಣು ಗೋಡೆಗೆ ನೇತುಹಾಕಿದ್ದ ಪ್ಯಾಂಟಿನ ಮೇಲೆ ಬಿತ್ತು. ಅಷ್ಟುದ್ದದ ಪ್ಯಾಂಟು ತೊಡಬೇಕಾದರೆ ಸಾಧಾರಣ ಮನುಷ್ಯ ಇನ್ನೊಬ್ಬನ ಹೆಗಲ ಮೇಲೆ ಕೂರಬೇಕು.

"ಅದು ಪರದೆ," ಎಂದು ದರ್ಜಿ ಅದನ್ನು ಎಳೆದು ಸುತ್ತಿಟ್ಟ.

ಪರದೆಗೆ ಜೇಬು ಯಾಕೆ ಎಂದು ಕೇಳುವ ಧೈರ್ಯ ಪತ್ತೆಯಪ್ಪನಿಗೆ ಬರಲಿಲ್ಲ. ತಾನು ಸಾಲ ವಸೂಲಿಯವನಲ್ಲ, ಒಳ್ಳೆಯ ವಿಚಾರಕ್ಕೇ ಬಂದವನು ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ತಪ್ಪಾದದ್ದು ಅಲ್ಲೇ. ಮೇಲಿನ ಮನೆಯ ಕಿಟಕಿ ತೆರೆಯಿತು. ಒಬ್ಬ ಅಜ್ಜಿ ಕತ್ತು ಹೊರಗೆ ಚಾಚಿ, ಏನಪ್ಪ ನಿನಗೆ ಗೊತ್ತಾಗಬೇಕಾದ್ದು ಎಂದು ಅಕ್ಕರೆಯಿಂದ ಕೇಳಿದರು. ಅಕ್ಕರೆಗೆ ಕರಗಿದ ಪತ್ತೆಯಪ್ಪ, ಆತ ಈಗ ಎಲ್ಲಿದ್ದಾನೆ, ಕೆಲಸ ಗಟ್ಟಿಯೇ, ಯಾವ ಹೊತ್ತಿಗೆ ಮನೆಗೆ ಬರುತ್ತಾನೆ ಎಂದೆಲ್ಲ ಕೇಳಿದ. ಅಜ್ಜಿಯ ಆಯುಷ್ಯದಲ್ಲಿ ಇಂಥ ಪ್ರಶ್ನೆಗಳನ್ನು ಜನ ಕೇಳುತ್ತಿದ್ದದ್ದು ಒಂದೇ ಕಾರಣಕ್ಕೆ.

"ಹುಡುಗಿ ಕಡೆಯವರಾ?"

"ಅದನ್ನ ಹೇಳೋ ಹಾಗಿಲ್ಲ ಅಜ್ಜಿ," ಎಂದು ಪತ್ತೆಯಪ್ಪ ನಕ್ಕ.

"ಅವನಿಗೆ ಮದುವೆ ಆಗಿದೆಯಲ್ಲಪ್ಪ."

"ಗೊತ್ತು ಅಜ್ಜಿ. ಅದರಿಂದ ನಮಗೇನೂ ತೊಂದರೆ ಇಲ್ಲ."

ಕಿಟಕಿ ಧಡ್ ಎಂದು ಮುಚ್ಚಿಕೊಂಡಿತು. ಅಜ್ಜಿ ಒಳಗೆ ಹೋಗಿ ಮಲಗಿದರೆಂದು ನಂಬಿದವನು ಪತ್ತೆಯಪ್ಪ ಒಬ್ಬನೇ. ಅವನು ಎದುರಿನ ಅಂಗಡಿಯಲ್ಲಿ ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ, ಉದ್ದನೆಯವನಿಗೆ ಎರಡನೆಯ ಸಂಬಂಧ ಕುದುರುತ್ತಿದೆ, ದಲ್ಲಾಳಿ ಬೀದಿಯಲ್ಲೇ ಕೂತು ಚಹಾ ಕುಡಿಯುತ್ತಿದ್ದಾನೆ ಎಂಬ ಸುದ್ದಿ ಹಿತ್ತಲಿಂದ ಹಿತ್ತಲಿಗೆ ಹಾರಿ, ಸೇರಬೇಕಾದ ಮನೆಯನ್ನೇ ಸೇರಿತ್ತು.

ಉದ್ದನೆಯವನ ಹೆಂಡತಿ ಬಂದಳು. ಕೂಗಾಡಲಿಲ್ಲ. ಒದ್ದೆ ಕೈಯನ್ನು ನಿಧಾನವಾಗಿ ಸೆರಗಿಗೆ ಒರೆಸಿಕೊಂಡು, "ಹುಡುಗಿ ಯಾರು?" ಎಂದಳು.

ಪತ್ತೆಯಪ್ಪ ಖಾಲಿ ಲೋಟ ಕೆಳಗಿಟ್ಟು ಎದ್ದ. ಯಾವ ಹುಡುಗಿಯೂ ಇಲ್ಲ ಎಂದ. ಹಾಗಾದರೆ ಯಾಕೆ ಬಂದಿರಿ ಎಂದಳು. ಹೇಳುವ ಹಾಗಿಲ್ಲ ಎಂದ. ಹುಡುಗಿ ಇಲ್ಲದಿದ್ದರೆ ಹೇಳುವುದಕ್ಕೇನು ಅಡ್ಡಿ ಎಂದು ಅವಳು ಕೇಳಿದ ಪ್ರಶ್ನೆಗೆ ನಿಯಮದಲ್ಲಿ ಉತ್ತರವಿರಲಿಲ್ಲ. ಮರುಕ್ಷಣ ಅವನು ದರ್ಜಿಯ ಅಂಗಡಿಯ ಸ್ಟೂಲಿನ ಮೇಲಿದ್ದ. ದರ್ಜಿ ಶಟರನ್ನು ಅರ್ಧ ಇಳಿಸಿದ. ಪಕ್ಕದ ಬೀದಿಯಲ್ಲಿದ್ದ ಅವಳ ಅಪ್ಪನಿಗೆ ಕರೆ ಹೋಯಿತು.

ಉದ್ದನೆಯವನ ಈ ಮಾವ ಜೈಲಿನಲ್ಲಿ ವಾರ್ಡರ್ ಆಗಿದ್ದು ನಿವೃತ್ತರಾದವರು. ಜೀವಮಾನವೆಲ್ಲ 'ನಾನೇನೂ ಮಾಡಿಲ್ಲ' ಅನ್ನುವವರನ್ನೇ ನೋಡಿದ್ದರಿಂದ, ಹಾಗನ್ನುವವರ ಮೇಲೆ ಅವರಿಗೆ ವಿಶೇಷ ಅನುಮಾನ. ಗುರುತಿನ ಚೀಟಿ ಕೇಳಿದರು. ಪತ್ತೆಯಪ್ಪ ಕೊಟ್ಟ. 'ಕ್ಷೇತ್ರ ಸಹಾಯಕ' ಎಂದಿತ್ತು.

"ಯಾವ ಕ್ಷೇತ್ರ? ಯಾವ ದೇವರದು?" ಎಂದರು ಮಾವ.

ಹಾಗಲ್ಲ, ಊರೂರು ತಿರುಗಿ ಜನರನ್ನು ಮಾತಾಡಿಸುವ ಕೆಲಸ ಎಂದು ಪತ್ತೆಯಪ್ಪ ವಿವರಿಸಿದ. ದಲ್ಲಾಳಿಗಳೂ ಮಾಡುವುದು ಅದನ್ನೇ ಎಂದ ದರ್ಜಿ. ಮಾವ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, ಅದರಲ್ಲಿದ್ದ ಮನೆಯ ವಿಳಾಸವನ್ನು ತುಟಿಯಲ್ಲೇ ಓದಿಕೊಂಡು ವಾಪಸು ಕೊಟ್ಟರು. ಆಮೇಲೆ ಕೊಡೆ ತೆಗೆದುಕೊಂಡು, ಸ್ವಲ್ಪ ಕೆಲಸವಿದೆ ಎಂದು ಹೊರಟುಬಿಟ್ಟರು. ಅಂಗಡಿಯಲ್ಲಿದ್ದವರೆಲ್ಲ ಅದು ಪೊಲೀಸ್ ಠಾಣೆಯ ಕೆಲಸವೆಂದೇ ತಿಳಿದರು.

ಊಟದ ಹೊತ್ತಿಗೆ ಉದ್ದನೆಯವನು ಬಂದ. ಅರ್ಧ ಇಳಿದಿದ್ದ ಶಟರಿನ ಅಡಿಯಿಂದ ಅವನು ಬಾಗಿ ಒಳಬಂದು ಮತ್ತೆ ಪೂರ್ತಿ ನೆಟ್ಟಗಾಗುವುದಕ್ಕೆ ಒಂದಷ್ಟು ಹೊತ್ತೇ ಹಿಡಿಯಿತು. ಪತ್ತೆಯಪ್ಪ ಛಂಗನೆ ಎದ್ದು ಅವನನ್ನು ಮೂಲೆಗೆಳೆದು, ಸ್ಟೂಲು ಹತ್ತಿ ಕಿವಿಯಲ್ಲಿ ಪಿಸುಗುಟ್ಟಿದ. ನೋಡಿದವರಿಗೆ ಉಳಿದಿದ್ದ ಅಲ್ಪಸ್ವಲ್ಪ ಸಂಶಯವೂ ಆಗ ತೀರಿತು. ಹುಡುಗಿ ಇರುವುದು ಖಂಡಿತ.

ಉದ್ದನೆಯವನು ಮಾತ್ರ ನಕ್ಕುಬಿಟ್ಟ. "ಅದಿನ್ನೂ ನಡೀತಾ ಇದೆಯಾ? ನನ್ನ ಫೋನು ಲಿಫ್ಟಿನ ಕೆಳಗಿನ ಗುಂಡೀಲಿ ಬಿದ್ದು ಪುಡಿಯಾಯ್ತು, ನನ್ನ ನಂಬರೂ ಹೋಯ್ತು, ಎಲ್ಲರ ನಂಬರೂ ಹೋಯ್ತು."

ಅವನು ತಪ್ಪಿಸಿಕೊಂಡೇ ಇರಲಿಲ್ಲ. ಹೆಂಡತಿಗೆ ಸಮೀಕ್ಷೆಯ ವಿಷಯವನ್ನು ತಾನೇ ತಿಳಿಸಿ ಹೇಳಿದ. ಅವಳು ಕೇಳಿಸಿಕೊಂಡು, ಹಾಗಾದರೆ ಆ ಪ್ರಶ್ನೆಗಳನ್ನೆಲ್ಲ ನನ್ನೆದುರೇ ಕೇಳಲಿ ಎಂದಳು. ಇದನ್ನು ಒಬ್ಬರೇ ಇದ್ದಾಗ ಕೇಳಬೇಕೆಂದು ಪತ್ತೆಯಪ್ಪ ತೊದಲಿದ.

"ಅವಳಿದ್ರೇನೇ ನಾನು ಉತ್ತರ ಕೊಡೋದು," ಎಂದ ಉದ್ದನೆಯವನು. "ನೀವು ಎದ್ದು ಹೋಗ್ತೀರಿ ಸ್ವಾಮಿ, ನಾನು ಇಲ್ಲೇ ಇರಬೇಕಲ್ಲ."

ಹೀಗೆ ದರ್ಜಿಯ ಅಂಗಡಿಯಲ್ಲಿ, ಮೇಲೆ ಕಿಟಕಿಯಲ್ಲಿ ಅಜ್ಜಿ ಅರ್ಧಕ್ಕರ್ಧ ನೇತಾಡುತ್ತಿರುವಾಗ, ಸಮೀಕ್ಷೆ ಶುರುವಾಯಿತು. ಓದು, ಕೆಲಸದ ಪ್ರಶ್ನೆಗಳು ಸುಸೂತ್ರವಾಗಿ ಕಳೆದವು. ಕಾಲೇಜಿನ ದಿನಗಳಲ್ಲಿ ಮಾಡಿದ ಯಾವುದಾದರೂ ತೀರ್ಮಾನಕ್ಕೆ ಈಗ ಪಶ್ಚಾತ್ತಾಪವಿದೆಯೇ ಎಂದು ಬಂತು. ಆ ದಿನಗಳಲ್ಲಿ ಅವನು ಮಾಡಿದ ದೊಡ್ಡ ತೀರ್ಮಾನ ಎದುರಿಗೇ ಕೈಕಟ್ಟಿ ಕೂತಿತ್ತು. ಒಂದು ಚೂರೂ ಇಲ್ಲ ಎಂದ. ಬರುವ ಎರಡು ವರ್ಷಗಳಲ್ಲಿ ಬದುಕಿನಲ್ಲಿ ದೊಡ್ಡ ಬದಲಾವಣೆ ನಿರೀಕ್ಷಿಸುತ್ತೀರಾ ಎಂದು ಪತ್ತೆಯಪ್ಪ ಓದುವಾಗ ಹೆಂಡತಿ ಕುರ್ಚಿ ಮುಂದೆ ಸರಿಸಿದಳು. ಬದಲಾವಣೆ ಬೇಡವೇ ಬೇಡ ಎಂದು ಬರೆದುಕೊಳ್ಳಿ ಎಂದ ಉದ್ದನೆಯವನು.

ನೀವು ಹೇಗಿದ್ದೀರಿ ಎಂದು ವಿಚಾರಿಸುವವರು ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆ ಆಮೇಲೆ ಬಂತು.

"ಲಿಫ್ಟ್ ಕೆಟ್ರೆ ಲಿಫ್ಟ್ ಹೇಗಿದೆ ಅಂತ ಕೇಳ್ತಾರೆ," ಎಂದ. "ನನ್ನನ್ನ ಕೇಳೋದು, ಎರಡು ವರ್ಷಕ್ಕೊಮ್ಮೆ ನೀವು."

ದರ್ಜಿ ಮಿಷನ್ನು ನಿಲ್ಲಿಸಿದ. ಹೆಂಡತಿ ಕಟ್ಟಿದ್ದ ಕೈ ಬಿಚ್ಚಿ ನೆಲ ನೋಡಿದಳು. ಪತ್ತೆಯಪ್ಪ ಅವಸರದಿಂದ ಕೊನೆಯ ಪ್ರಶ್ನೆಗೆ ಹಾರಿದ. ಬದುಕಿನ ಸಂತೋಷಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ?

"ಒಂಬತ್ತು," ಎಂದ ಉದ್ದನೆಯವನು.

"ಇನ್ನೊಂದು ಎಲ್ಲಿ ಹೋಯ್ತು?" ಎಂದಳು ಹೆಂಡತಿ.

ಹತ್ತೇ ಹಾಕಿ ಎಂದ ಅವನು. ಪತ್ತೆಯಪ್ಪ ಹತ್ತು ಹಾಕಿದ. ಸಿಗದವನ ಹತ್ತಿರವಿದ್ದ ನಿಜ ಹೀಗೆ ಹತ್ತಕ್ಕೆ ಹತ್ತಾಗಿ ವಿಶ್ವವಿದ್ಯಾಲಯವನ್ನು ಸೇರಿತು.

ಮೇಡಂ ಫೋನಿನಲ್ಲೇ ಶಹಬ್ಬಾಸ್ ಅಂದರು, ನಾಳೆ ಬಂದು ಕಾಯಂ ಮಾತಾಡಿ ಅಂದರು. ಪೊಲೀಸರೂ ಬರಲಿಲ್ಲ. ಆ ಮಾವ ಬಿಸಿಲಿಗೆ ಸೋತು ಎಲ್ಲೋ ಕೂತಿರಬೇಕೆಂದುಕೊಂಡು ಪತ್ತೆಯಪ್ಪ ಸಿಳ್ಳೆ ಹಾಕುತ್ತ ಸಂಜೆ ತನ್ನ ಬೀದಿಗೆ ತಿರುಗಿದ.

ಬೀದಿ ಎಂದಿನಂತಿರಲಿಲ್ಲ. ದಿನಸಿ ಅಂಗಡಿಯವನು ನಮಸ್ಕಾರಕ್ಕೆ ಪ್ರತಿಯಾಗಿ ತಕ್ಕಡಿ ಒರೆಸತೊಡಗಿದ. ಪಕ್ಕದ ಮನೆಯಾಕೆ ಮಗಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದಳು. ಮನೆಯಲ್ಲಿ ಅವನ ಹೆಂಡತಿ ನಡುಮನೆಯ ಕುರ್ಚಿಯಲ್ಲಿ ನ್ಯಾಯಾಧೀಶರ ಹಾಗೆ ಕೂತಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗಂಡನಿಗೆ ವಿಶ್ವವಿದ್ಯಾಲಯದಲ್ಲಿ ಏನೋ ಕೆಲಸ ಎಂಬುದಷ್ಟೇ ಅವಳಿಗೆ ಗೊತ್ತು.

"ಕೊಡೆ ಹಿಡ್ಕೊಂಡ ಒಬ್ರು ಯಜಮಾನ್ರು ಬಂದಿದ್ರು," ಎಂದಳು. "ಬೀದೀಲೆಲ್ಲ ನಿಮ್ಮ ಬಗ್ಗೆ ವಿಚಾರಿಸಿ, ಆಮೇಲೆ ಇಲ್ಲಿಗೆ ಬಂದ್ರು. ಸಂಬಳ ಎಷ್ಟು, ಚಟ ಏನಾದ್ರೂ ಇದೆಯಾ, ಹೆಂಗಸರ ಹತ್ರ ಹೇಗೆ ನಡ್ಕೋತಾರೆ ಅಂತ. ಅವರಿಗೆ ಮದುವೆ ಆಗಿದೆ, ನಾನೇ ಹೆಂಡತಿ ಅಂದೆ. ಅದೂ ಇರಲಿ ಅಂದ್ರು. ಯಾಕೆ ಕೇಳ್ತೀರಿ ಅಂದ್ರೆ, ನಿನ್ನ ಗಂಡನೇ ಹೇಳ್ತಾನೆ ಅಂತ ಹೋದ್ರು."

ವಾರ್ಡರ್ ಮಾವ ಠಾಣೆಗೆ ಹೋಗಿರಲಿಲ್ಲ. ದಲ್ಲಾಳಿಯ ಜಾತಕವನ್ನು ಖುದ್ದಾಗಿ ಜಾಲಾಡಲು ನೇರ ಇಲ್ಲಿಗೇ ಬಂದಿದ್ದರು. ನಿಯಮ ಮುರಿದರೆ ಕಾಯಂ ಹೋಗುತ್ತದೆ, ಮುರಿಯದಿದ್ದರೆ ಸಂಸಾರ. ಪತ್ತೆಯಪ್ಪ ಹೆಂಡತಿಯ ಮುಖ ನೋಡಿದ. ನಿಯಮವನ್ನು ಮುರಿದೇಬಿಟ್ಟ. ಬಾಗಿಲು ಹಾಕಿ, ಹಿಂದೆಂದೋ ಕಾಲೇಜು ಸೇರಿದವರನ್ನು ಇಂದಿಗೂ ಹುಡುಕುವ ಸಮೀಕ್ಷೆ, ಉದ್ದನೆಯ ಮನುಷ್ಯ, ಪರದೆಯಂಥ ಪ್ಯಾಂಟು, ಹತ್ತಕ್ಕೆ ಹತ್ತು, ಒಂದನ್ನೂ ಬಿಡದೆ ಒಪ್ಪಿಸಿದ.

ಅವಳು ಕೊನೆಯವರೆಗೂ ತಾಳ್ಮೆಯಿಂದ ಕೇಳಿದಳು.

"ಬೀದಿ ಬೀದಿ ತಿರುಗಿ, ಗುರುತಿಲ್ಲದ ಗಂಡಸಿಗೆ 'ನೀನು ಸುಖವಾಗಿದೀಯಾ' ಅಂತ ಕೇಳೋದಕ್ಕೆ ಯಾರಾದ್ರೂ ಸಂಬಳ ಕೊಡ್ತಾರಾ?" ಎಂದಳು. "ಸುಳ್ಳು ಹೇಳೋದಾದ್ರೆ ನಂಬೋ ಹಾಗಾದ್ರೂ ಹೇಳಿ. ಅಪ್ಪನಿಗೆ ಫೋನ್ ಮಾಡಿದೀನಿ. ಹೊರಟಿದಾರೆ."